ಏಳನೇ ಕೈ

“ಮುಟ್ಟಬೇಡಿ.”

ಹಿಂದಿನಿಂದ ಬಂದ ದನಿಗೆ ಅವಳು ಚಾಚಿದ ಕೈಯನ್ನು ತಟ್ಟನೆ ಎಳೆದುಕೊಂಡಳು. ತಿರುಗಿ ನೋಡುವ ಧೈರ್ಯವಾಗಲಿಲ್ಲ. ಜಿರಲೆ ಕಂಡರೆ ಕುರ್ಚಿ ಹತ್ತುವ ಹುಡುಗಿ ಅವಳು. ಈಗಂತೂ ಎದುರಿಗಿದ್ದುದು ಜಿರಲೆಯಲ್ಲ.

ಉದ್ದನೆಯ ಮೇಜಿನ ಮೇಲೆ ಹನ್ನೆರಡು ಕೈಗಳು. ಭುಜದಿಂದ ಬೆರಳತುದಿಯವರೆಗೆ ಚರ್ಮದ ಬಣ್ಣದ ರಬ್ಬರ್. ಪ್ರತಿ ಕೈಯೊಳಗೂ ಒಂದು ತೆಳುವಾದ ಕ್ಯಾತಿಟರ್ ಟ್ಯೂಬ್, ಅದರ ತುದಿಯಿಂದ ಗಾಜಿನ ಲೋಟಕ್ಕೆ ಹನಿ. ಟಪ್... ಟಪ್...

ಹನ್ನೊಂದು ಕೈಗಳು ಒಟ್ಟಿಗೇ ಮಡಚುತ್ತಿದ್ದವು, ಒಟ್ಟಿಗೇ ಚಾಚುತ್ತಿದ್ದವು. ಏಳನೆಯದು ಮಾತ್ರ ಬೇರೆ. ಎರಡು ಸಲ ಮಡಚಿತು. ನಿಂತಿತು. ಏನೋ ನೆನಪು ಮಾಡಿಕೊಳ್ಳುವವರಂತೆ ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ನಿಧಾನವಾಗಿ ಮೇಲೆದ್ದು, ಗಾಳಿಯಲ್ಲಿ ಯಾರದೋ ಹಣೆಯನ್ನು ಹುಡುಕುತ್ತಾ ಬೆರಳು ಬಾಗಿಸಿತು.

ಆ ಚಲನೆಯನ್ನು ಅವಳು ಆಸ್ಪತ್ರೆಯ ಹಾಸಿಗೆಯ ಮೇಲೆ ದಿನಾ ನೋಡಿದ್ದಳು.

‘ಅಮ್ಮ...!’

ಅಮ್ಮ ತೀರಿಹೋಗಿ ಎಂಟು ತಿಂಗಳಾಗಿತ್ತು.

“ನೀವು... ಹದಿನಾಲ್ಕಾ?” ಹಿಂದಿನ ದನಿ ಕೇಳಿತು.

ಹೌದು, ಅವಳೇ ಹದಿನಾಲ್ಕು. ನೋವಿನ ಮದ್ದನ್ನು ಪಂಪಿನಿಂದ ರೋಗಿಯ ಮೈಗೆ ಹನಿಹನಿಯಾಗಿ ಇಳಿಸುವ ಮೆತ್ತನೆಯ ಕ್ಯಾತಿಟರ್‌ಗಳನ್ನು ತಯಾರಿಸುವ ಕಾರ್ಖಾನೆ ಅದು. ಒಂದೊಂದನ್ನೂ ಭೂತಗನ್ನಡಿಯ ಕೆಳಗಿಟ್ಟು ನೋಡುವುದು ಅವಳ ಕೆಲಸ. ಸರಿಯಿದ್ದರೆ ಪೊಟ್ಟಣದ ಮೇಲೆ 14 ಎಂದು ಮುದ್ರೆ ಒತ್ತುತ್ತಾಳೆ. ಇಲ್ಲದಿದ್ದರೆ ಚೀಟಿ ಬರೆದು ವಿನ್ಯಾಸ ವಿಭಾಗಕ್ಕೆ ವಾಪಸ್ ಕಳಿಸುತ್ತಾಳೆ.

ಆ ಚೀಟಿಗಳಿಂದಲೇ ಎಲ್ಲ ಶುರುವಾದದ್ದು. “ತುದಿ ಒರಟಾಗಿದೆ” ಎಂದು ಅವಳು ಬರೆದರೆ, “ನನ್ನ ಗಡ್ಡಕ್ಕಿಂತ ನಯವಾಗಿದೆ” ಎಂದು ಕೆಳಗೆ ಉತ್ತರ ಬರುತ್ತಿತ್ತು. “ಗಡ್ಡ ಪರೀಕ್ಷೆ ಮಾಡುವುದು ನನ್ನ ಕೆಲಸವಲ್ಲ” ಎಂದು ಅವಳು. ಎರಡು ವರ್ಷ ಹೀಗೇ ನಡೆಯಿತು. ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ. ಆದರೂ ಅವನ ಚೀಟಿಗಳನ್ನೆಲ್ಲ ಅವಳು ಮನೆಯಲ್ಲಿ ಸೀರೆಗಳ ನಡುವೆ ಇಟ್ಟುಕೊಂಡಿದ್ದಳು. ಯಾಕೆ ಎಂದು ಕೇಳಿದರೆ ಜಗಳಕ್ಕೇ ಬರುತ್ತಿದ್ದಳೇನೋ.

ಅಮ್ಮ ಹೋದಮೇಲೆ ತಮಾಷೆ ನಿಂತಿತು. ಅವನು ಕಳಿಸಿದ ಹೊಸ ಮಾದರಿಗಳಿಗೆ ಅವಳ ಚೀಟಿಗಳಲ್ಲಿ ಉಳಿದದ್ದು ಒಂದೇ ಪದ: ತಿರಸ್ಕೃತ.

ಇವತ್ತು ಬೆಳಿಗ್ಗೆ ಅವನ ಉತ್ತರ ಬಂದಿತ್ತು: “ದಯವಿಟ್ಟು ಒಂದು ಸಲ ಬಂದು ಏಳನೇ ಕೈ ನೋಡಿ.”

“ಆ ಕೋಣೆಗಾ?” ಪ್ಯಾಕಿಂಗ್ ವಿಭಾಗದ ಅಕ್ಕ ಬಾಯಿ ಮೇಲೆ ಕೈಯಿಟ್ಟುಕೊಂಡಿದ್ದಳು. “ಆ ಇಂಜಿನಿಯರು ಕೈಗಳ ಜೊತೆ ಮಾತಾಡ್ತಾನಂತೆ ಕಣೇ. ಅವನು ಕ್ಯಾಂಟೀನಿಗೆ ಬಂದ್ರೆ ನಂಗೆ ಊಟಾನೇ ಸೇರಲ್ಲ.”

ಆದರೂ ಬಂದಿದ್ದಳು. ಹೇಗಿದ್ದರೂ ಇದೇ ಕೊನೆ ದಿನ. ಕೋಟಿನ ಜೇಬಿನಲ್ಲಿ ರಾಜೀನಾಮೆ ಪತ್ರವಿತ್ತು.

ಅವಳು ತಿರುಗಿದಳು. ಕಣ್ಣ ಕೆಳಗೆ ಕಪ್ಪು ಕಟ್ಟಿದ, ನಿಜಕ್ಕೂ ಒರಟು ಗಡ್ಡದ ಮನುಷ್ಯ.

“ಇದು ಯಾರ ಕೈ?”

“ಯಾರದೂ ಅಲ್ಲ, ಪರೀಕ್ಷೆಗೆ ಅಂತ...”

“ಸುಳ್ಳು ಹೇಳ್ಬೇಡಿ. ಇದು ನಮ್ಮಮ್ಮನ ಕೈ.”

ಅವನು ಆ ಕೈಯನ್ನೂ ಅವಳ ಮುಖವನ್ನೂ ಬದಲಿಸಿ ಬದಲಿಸಿ ನೋಡಿದ.

“ಕಿಟಕಿ ಪಕ್ಕದ ಹಾಸಿಗೆ... ಮಣಿಕಟ್ಟಿನ ಮೇಲೆ ಸುಟ್ಟ ಕಲೆ...”

“ಇಸ್ತ್ರಿಪೆಟ್ಟಿಗೆ ತಾಗಿದ್ದು. ನನ್ನ ಸ್ಕೂಲ್ ಬಟ್ಟೆ ಇಸ್ತ್ರಿ ಮಾಡೋವಾಗ.”

ಅವನು ಸ್ಟೂಲಿನ ಮೇಲೆ ಕುಸಿದು ಕುಳಿತ. “ನಂಗೆ ಗೊತ್ತಿರ್ಲಿಲ್ಲ. ಹಾಸಿಗೆ ನಂಬರ್ ಬಿಟ್ರೆ ಏನೂ ಗೊತ್ತಿರ್ಲಿಲ್ಲ. ಈ ಯಂತ್ರಗಳು ಒಂದೇ ಸಮ ಮಡಚ್ತವೆ. ಜೀವ ಇರೋರು ಯಾರೂ ಹಾಗೆ ಕೈ ಮಡಚಲ್ಲ. ಅದಕ್ಕೇ ರೋಗಿಗಳ ಕೈಗೆ ಪಟ್ಟಿ ಕಟ್ಟಿ ಅವರ ಚಲನೆ ದಾಖಲು ಮಾಡ್ಕೊಂಡೆ. ನಿಮ್ಮಮ್ಮ ನಗ್ತಾ ಒಪ್ಕೊಂಡ್ರು. ಈ ಏಳನೇ ಕೈಗೆ ಹಾಕಿರೋದು ಅವರ ಚಲನೆ.”

“ಸತ್ತವರ ಕೈನ ಇಲ್ಲಿ ಕುಣಿಸ್ತಿದ್ದೀರಾ? ನಾಚಿಕೆ ಆಗಲ್ವಾ ನಿಮಗೆ?”

ಅವಳು ದಡದಡನೆ ಬಾಗಿಲಿಗೆ ನಡೆದಳು. ಇಂಥವನ ಚೀಟಿಗಳನ್ನು ಕಾಪಾಡಿಕೊಂಡಿದ್ದೆನಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು. ಹಿಡಿಕೆಯ ಮೇಲೆ ಕೈಯಿಟ್ಟಳು. ಅಲ್ಲೇ ನಿಂತಳು.

ಹನ್ನೆರಡು ಹನಿಗಳ ಸದ್ದಿನಲ್ಲಿ ಒಂದು ಕಡಿಮೆಯಾಗಿತ್ತು.

ಏಳನೇ ಕೈ ಮೇಲೆದ್ದಿತ್ತು. ಅದು ಮೇಲಿದ್ದಷ್ಟು ಹೊತ್ತೂ ಅದರ ಹನಿ ನಿಂತೇ ಇತ್ತು. ಕೈ ಇಳಿದಮೇಲೆ ಮತ್ತೆ ಟಪ್ ಎಂದಿತು.

“ಟ್ಯೂಬ್ ಮಡಿಕೆ ಬೀಳ್ತಿದೆ...” ಅವಳು ಪಿಸುಗುಟ್ಟಿದಳು.

“ಅವರು ತೀರಿಕೊಂಡ ಬೆಳಿಗ್ಗೆನೂ ಹೀಗೇ ಆಗಿದ್ದು. ನಿಲ್ಲೋದು, ಮತ್ತೆ ಹರಿಯೋದು. ಅದಕ್ಕೇ ಪಂಪಿನ ಎಚ್ಚರಿಕೆ ಗಂಟೆ ಕೂಗ್ಲಿಲ್ಲ.”

ಆಗ ಅವಳ ಬಾಯಿಂದ, ಎಂಟು ತಿಂಗಳು ಯಾರಿಗೂ ಹೇಳದ ಮಾತು ಹೊರಬಿತ್ತು.

“ಅಮ್ಮನಿಗೆ ಹಾಕಿದ ಟ್ಯೂಬಿನ ಪೊಟ್ಟಣ ಆಸ್ಪತ್ರೆ ಕಸದ ಬುಟ್ಟೀಲಿ ಸಿಕ್ತು. ಮೇಲೆ ನನ್ನದೇ ನಂಬರ್ ಇತ್ತು. ನಾನೇ ಪಾಸ್ ಮಾಡಿದ್ದೆ. ಅಮ್ಮನ ಕೊನೇ ಮೂರು ಗಂಟೆ ಬರೀ ನೋವಲ್ಲೇ ಕಳೀತು... ನಾನೇನೋ ನೋಡದೆ ಬಿಟ್ಟಿದ್ದೆ. ನನ್ನಿಂದಲೇ ಆಗಿದ್ದು.”

“ಇಲ್ಲ!” ಅವನು ಎದ್ದುನಿಂತ. “ಆ ಟ್ಯೂಬ್ ನನ್ನ ಹತ್ರ ವಾಪಸ್ ಬಂತು. ಇಂಚಿಂಚೂ ನೋಡಿದ್ದೀನಿ. ಒಂದು ಗೀರೂ ಇರ್ಲಿಲ್ಲ. ನೀವು ಸರಿಯಾಗೇ ನೋಡಿದ್ರಿ. ತಪ್ಪು ನನ್ನದು. ಎರಡು ಸಲ ಮಡಚಿದಮೇಲೆ ಕೈ ಏಳೋದನ್ನ ದಾಖಲೆಯಿಂದ ನಾನೇ ಅಳಿಸಿದ್ದೆ. ಅನಗತ್ಯ ಚಲನೆ ಅಂತ ಬರೆದು ಅಳಿಸಿದ್ದೆ. ಅದನ್ನ ಪರೀಕ್ಷೆ ಮಾಡಿದ್ರೆ ಮುಂಚೇನೇ ಗೊತ್ತಾಗ್ತಿತ್ತು. ಅವರು ಹೋದಮೇಲಷ್ಟೇ ಅದನ್ನ ವಾಪಸ್ ಸೇರಿಸ್ದೆ.”

ಅವನ ಕೆನ್ನೆಗೆ ಬಾರಿಸಬೇಕೆನಿಸಿತು ಅವಳಿಗೆ. ಅವನ ಎದೆಗೊರಗಿ ಅಳಬೇಕೆಂದೂ ಅನಿಸಿತು. ಎರಡೂ ಆಗಲಿಲ್ಲ.

“ಅಮ್ಮ ಯಾಕೆ ಹಾಗೆ ಕೈ ಎತ್ತುತ್ತಿದ್ರು?”

“ನಾನೂ ಕೇಳ್ದೆ. ಪಕ್ಕದ ಕುರ್ಚಿ ಖಾಲಿ ಇತ್ತು. ‘ಮಗಳು ಡ್ಯೂಟಿ ಮುಗಿಸ್ಕೊಂಡು ಬಂದು ಕೂತಿದ್ದಾಳೆ, ಕೂದಲು ಕಣ್ಣಿಗೆ ಬೀಳ್ತಿದೆ ನೋಡಪ್ಪಾ’ ಅಂದ್ರು.”

ಅವಳು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅತ್ತಳು. ಅವನು ಸಮಾಧಾನ ಮಾಡಲು ಹತ್ತಿರ ಬರಲಿಲ್ಲ. ಅಷ್ಟು ಹಕ್ಕು ತನಗಿಲ್ಲವೆಂದು ಅವನಿಗೆ ಗೊತ್ತಿತ್ತು.

ಸ್ವಲ್ಪ ಹೊತ್ತಾದ ಮೇಲೆ ಅವನು ಏಳನೇ ಕೈಯಿಂದ ಹಳೆಯ ಟ್ಯೂಬ್ ಎಳೆದು, ಹೊಸದೊಂದನ್ನು ಕೂರಿಸಿದ. “ಗೋಡೆಯೊಳಗೆ ಕೂದಲಿಗಿಂತ ಸಣ್ಣ ಎಳೆ ಸುತ್ತಿದ್ದೀನಿ, ಮಡಿಕೆ ಬೀಳಬಾರ್ದು ಅಂತ. ನೀವು ಹತ್ತೊಂಬತ್ತು ಸಲ ವಾಪಸ್ ಕಳಿಸಿದ್ದು ಇದನ್ನೇ. ನಿಮ್ಮ ಮುದ್ರೆ ಬೀಳದೆ ಇದು ಯಾವ ರೋಗಿಗೂ ಹೋಗಲ್ಲ. ಅಲ್ಲೀವರೆಗೂ ಹಳೇದೇ ಹೋಗ್ತಿರುತ್ತೆ.”

ಅವಳು ಕಣ್ಣೊರೆಸಿಕೊಂಡಳು. ತಲೆಯ ಟೋಪಿ ತೆಗೆದು, ಏಳನೇ ಕೈಯ ಮುಂದೆ ಸ್ಟೂಲೆಳೆದು ಕುಳಿತಳು.

ಕೈ ಎರಡು ಸಲ ಮಡಚಿತು. ಸುಮ್ಮನಾಯಿತು. ನಿಧಾನವಾಗಿ ಮೇಲೆದ್ದಿತು. ತಣ್ಣಗಿನ ರಬ್ಬರ್ ಬೆರಳುಗಳು ಅವಳ ಹಣೆ ಮುಟ್ಟಿ, ಕಣ್ಣಿಗೆ ಬಿದ್ದಿದ್ದ ಕೂದಲನ್ನು ಪಕ್ಕಕ್ಕೆ ಸರಿಸಿದವು. ಭಯಕ್ಕೆ ಅವಳು ಸ್ಟೂಲಿನ ಅಂಚು ಹಿಡಿದುಕೊಂಡಳು. ಆದರೂ ತಲೆ ಹಿಂದಕ್ಕೆ ತೆಗೆಯಲಿಲ್ಲ.

ಟಪ್... ಟಪ್... ಟಪ್...

ಹನಿ ನಿಲ್ಲಲಿಲ್ಲ.

ಅವಳು ಜೇಬಿನಿಂದ ಮುದ್ರೆ ತೆಗೆದು ಹೊಸ ಪೊಟ್ಟಣದ ಮೇಲೆ ಒತ್ತಿದಳು. ಜೊತೆಗೇ ಹೊರಬಂದ ರಾಜೀನಾಮೆ ಪತ್ರವನ್ನು ನಾಲ್ಕು ಚೂರು ಮಾಡಿದಳು.

“ನನ್ನ ಮೇಲೆ ಕೋಪ ಇಲ್ವಾ?”

“ಇದೆ. ತುಂಬಾ ದಿನ ಇರುತ್ತೆ.”

“ಅಷ್ಟು ದಿನಾನೂ... ಜೊತೇಲೇ ಇದ್ದು ಕೋಪ ಮಾಡ್ಕೊಳ್ಳೋಕಾಗುತ್ತಾ?”

“ಅಂಥ ಮಾತೆಲ್ಲ ಚೀಟೀಲಿ ಬರೆದು ಕೊಡಿ.”

ಅವನು ಒಂದು ಚೀಟಿ ಎಳೆದುಕೊಂಡು ಬರೆದ: “ಎರಡು ವರ್ಷದಿಂದ ನಿಮ್ಮನ್ನು ಪ್ರೀತಿಸುತ್ತಿದ್ದೇನೆ. ಪರಿಶೀಲಿಸಿ.”

ಅವಳು ಚೀಟಿಯನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಬೇಕೆಂದೇ ಹೊತ್ತು ಮಾಡಿದಳು. ಆಮೇಲೆ ಅದರ ಮೇಲೂ ಮುದ್ರೆ ಬಿತ್ತು. 14.

ಅವರ ಹಿಂದೆ ಏಳನೇ ಕೈ ಎರಡು ಸಲ ಮಡಚಿ, ಮೇಜಿನ ಮೇಲೆ ಮಲಗಿತು. ಇಬ್ಬರೂ ಕಾದರು. ಅದು ಮೇಲೇಳಲಿಲ್ಲ.

“ಮತ್ತೆ ಅಳಿಸಿಬಿಟ್ರಾ?” ಅವಳು ಅವನ ತೋಳು ಹಿಡಿದುಕೊಂಡಳು.

“ಇಲ್ಲ. ನಾನು ಮುಟ್ಟೇ ಇಲ್ಲ...”

ಅವಳು ಆ ಕೈಯನ್ನೇ ನೋಡುತ್ತಾ ನಿಂತಳು. ಆಮೇಲೆ ಮೆಲ್ಲಗೆ ಅಂದಳು:

“ಇರ್ಲಿ ಬಿಡಿ. ಅಮ್ಮನಿಗೂ ಸುಸ್ತಾಗಿರುತ್ತೆ.”