ಬೋರಣ್ಣನ ಕಾರಿಗೆ ಮುಚ್ಚಳವಿರಲಿಲ್ಲ

2009ರ ನವೆಂಬರ್ 14, ಬೆಳಗ್ಗೆ ಏಳೂವರೆ. ಜೆ.ಪಿ. ನಗರದ ಮಂಜು ಇನ್ನೂ ನಿದ್ದೆಗಣ್ಣಲ್ಲಿತ್ತು. ಉದುರಿದ ಆಕಾಶಮಲ್ಲಿಗೆಯ ಕಂಪಿನ ಜೊತೆ ವಾರದಿಂದ ಪೆಟ್ರೋಲ್ ವಾಸನೆಯೂ ತೇಲುತ್ತಿತ್ತು. ಯಾರೋ ಕಾರುಗಳ ಟ್ಯಾಂಕಿನ ಮುಚ್ಚಳ ಕದ್ದು, ಆ ಜಾಗಕ್ಕೆ ಬಟ್ಟೆ ತುರುಕಿ ಹೋಗುತ್ತಿದ್ದರು. ಬಟ್ಟೆಗೆ ಆವಿ ನಿಲ್ಲುತ್ತದೆಯೇ? ಒಂದು ಬೀಡಿ ಕಿಡಿ ಸಾಕು ಎಂದು ಪಿಎಸ್‌ಐ ಸತ್ಯಭಾಮಾಗೆ ದಿಗಿಲು.

ಅಂದು ಠಾಣೆಗೆ ಬಂದವರು ಬೋರಣ್ಣ. ಹೊಲ ಮಾರಿ ಬಾಡಿಗೆ ಮನೆ ಕಟ್ಟಿಸಿದವರು. ಹೊಸ ಕಾರಿನ ಗತ್ತು ಇನ್ನೂ ಇಳಿದಿರಲಿಲ್ಲ.

“ನಿಮ್ಮದೂ ಮುಚ್ಚಳ ಹೋಯ್ತಾ?”

“ನನ್ ಗಾಡೀಗೆ ಮುಚ್ಚಳಾನೇ ಇಲ್ಲ ಮೇಡಂ. ಒಳಗೇ ಒಂದು ತಗಡಿರುತ್ತೆ. ಪೈಪ್ ಇಟ್ರೆ ತೆರ್ಕೊಂಡು, ತೆಗೆದ್ರೆ ತಾನೇ ಮುಚ್ಕೊಳ್ಳುತ್ತೆ. ಆವೀನೂ ಆಚೆ ಬರಲ್ಲ. ಆದ್ರೂ ಬಟ್ಟೆ ತುರುಕವ್ರೆ.”

ಬೋರಣ್ಣ ಮೇಜಿನ ಮೇಲಿಟ್ಟದ್ದು ಒಗೆದು ಮಡಿಸಿದ ಇಳಕಲ್ ಸೀರೆಯ ತುಂಡು. ಎಫ್‌ಐಆರ್ ಬರೆಸುತ್ತಲೇ ಸತ್ಯಭಾಮಾಗೆ ನಗು ಬಂತು. ಮುಚ್ಚಳ ಕಾಣದೆ, ತನಗಿಂತ ಮೊದಲೇ ಇನ್ನೊಬ್ಬ ಕದ್ದನೆಂದುಕೊಂಡು ಈ ಕಳ್ಳ ಪುಣ್ಯಾತ್ಮ ಮರುಕಪಟ್ಟಿದ್ದಾನೆ.

“ಟ್ಯಾಂಕಿನ ಹೊರಬಾಗಿಲು ತೆಗೆಯೋಕೆ ಗಾಡಿ ಕೀಲಿ ಬೇಕಲ್ಲ, ಅದನ್ನ ಯಾರ ಕೈಗೆ ಕೊಡ್ತೀರಾ?”

“ಗಾಡಿ ತೊಳೆಯೋ ಮೌನೇಶಂಗೆ. ಒಳಗೂ ಒರೆಸ್ಬೇಕಲ್ಲ.”

ಮುಚ್ಚಳ ಕಳೆದುಕೊಂಡ ಉಳಿದ ಕಾರುಗಳನ್ನು ತೊಳೆಯುವವನೂ ಅವನೇ. ಒಂಬತ್ತಕ್ಕೆ ಸತ್ಯಭಾಮಾ, ಕಾನ್‌ಸ್ಟೆಬಲ್ ಮಾರಯ್ಯ ಬಿಟಿಎಂ ಲೇಔಟ್‌ನ ಅವನ ಒಂಟಿ ಕೋಣೆಯಲ್ಲಿದ್ದರು. ಗೋಡೆಗೊರಗಿ ಅವನ ತುಂಬು ಬಸುರಿ ಹೆಂಡತಿ ದಾನಮ್ಮ ಕೂತಿದ್ದಳು. ಗೂಡಿನಲ್ಲಿ ಮುಚ್ಚಳಗಳು ಸಾಲಾಗಿದ್ದವು. ಆ ವಾಸನೆಗೆ ಸತ್ಯಭಾಮಾಗೇ ತಲೆ ಹಗುರಾಗಿ, ಕೋಣೆ ಮೆಲ್ಲಗೆ ತೇಲಿದಂತಾಯಿತು. ಮಾರಯ್ಯ ಕಿಟಕಿ ತೆರೆದು ಪಂಚನಾಮೆಗೆ ಕೂತ.

“ಯಾಕೆ ಕದ್ದೆ?”

“ಬಯಕಿ ರೀ ಮೇಡಂ. ಪೆಟ್ರೋಲ್ ವಾಸನಿ ಬೇಕು ಅಂದ್ಲು. ಬಸುರಿ ಬಯಕಿ ತೀರಿಸ್ಲಿಲ್ಲಂದ್ರ ಕೂಸಿನ ಕಿವಿ ಸೋರ್ತಾವಂತ. ಎರಡು ದಿನಕ್ಕ ವಾಸನಿ ಹೋಗ್ತಿತ್ತು, ಮತ್ತೊಂದು ತರ್ತಿದ್ದೆ.”

“ಈ ಆವಿ ಮಗೂಗೇ ವಿಷ ಕಣಯ್ಯ.”

ಮೌನೇಶ ಗಡಬಡಿಸಿ ಮುಚ್ಚಳಗಳನ್ನೆಲ್ಲ ಬಾಚಿ ಹೊರಗಿಟ್ಟು ಬಂದ. 10:15ಕ್ಕೆ ದಸ್ತಗಿರಿಯಾಯಿತು. ದಾನಮ್ಮನನ್ನು ಆಸ್ಪತ್ರೆಗೆ ತೋರಿಸಲು ಸತ್ಯಭಾಮಾ ತಾವೇ ಜೀಪು ಹತ್ತಿಸಿಕೊಂಡರು.

“ಇಂಥ ಬಯಕೆ ಯಾಕಮ್ಮ ಬಂತು?”

“ನಮ್ಮಪ್ಪ ಊರಾಗ ಬಂಕಿನ್ಯಾಗ ಪೆಟ್ರೋಲ್ ಹಾಕ್ತಾನ್ರಿ. ಸಣ್ಣಾಕಿದ್ದಾಗ ನನ್ನ ಎತ್ಕೊಂಡ್ರ ಅವನ ಅಂಗಿ ತುಂಬ ಇದೇ ವಾಸನಿ.” ದಾನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಅಪ್ಪನ್ನ ನೋಡಬೇಕನಿಸಿತ್ರಿ. ಹಂಗಂದ್ರ ಇವರು ಕೆಲಸ ಬಿಟ್ಟು ಊರಿಗೆ ಕರ್ಕೊಂಡು ಹೋಗಬೇಕಲ್ರಿ. ಅದಕ್ಕ ವಾಸನಿ ಅಷ್ಟ ಕೇಳಿದೆ.”