ನಾಲ್ಕನೇ ನಡೆಯ ಒಂಟೆ

ಹಿಂದಿನ ಮೆಟ್ಟಿಲ ಬುಡದಲ್ಲಿ ಚೆಸ್ ಪಂದ್ಯದ ತೀರ್ಪುಗಾರ ಬೋರಲಾಗಿ ಬಿದ್ದಿದ್ದ. ತಲೆ ಒಡೆದಿತ್ತು. ಉಸಿರಿರಲಿಲ್ಲ. ಮೊದಲು ಕಂಡವನು ಸಭಾಂಗಣ ಗುಡಿಸುವವನು. ಕಿರುಚಿಕೊಂಡ. ಅದೇ ತಪ್ಪಾಯಿತು.

ಹತ್ತು ನಿಮಿಷದಲ್ಲಿ ಅವನು ಪೊರಕೆ ಕೋಣೆಯೊಳಗಿದ್ದ. ಹೊರಗಿನಿಂದ ಚಿಲಕ. ಕಿಟಕಿಯಿಲ್ಲ. ಕೈ ಚಾಚಿದರೆ ಗೋಡೆ, ತಿರುಗಿದರೆ ಗೋಡೆ. ಬೆಳಿಗ್ಗೆಯಷ್ಟೇ ತೀರ್ಪುಗಾರ ಎಲ್ಲರೆದುರು ಬೈದಿದ್ದಕ್ಕೆ ಅವನು ತಿರುಗಿಬಿದ್ದಿದ್ದ. ಈಗ ಗಾಬರಿಯಲ್ಲಿ ಕೈಬಿಟ್ಟ ಒರಸುಕೋಲಿಗೆ ರಕ್ತ ಅಂಟಿತ್ತು. ಇನ್ನೇನು ಬೇಕು? ಬಡವನ ಕೋಪ ದವಡೆಗೆ ಮೂಲ.

* * *

ಚಿಲಕ ಸರಿಯಿತು. ಇನ್ಸ್‌ಪೆಕ್ಟರಮ್ಮ ಬಾಗಿಲಿಗೆ ಅಡ್ಡ ನಿಂತರು.

"ಒಪ್ಕೊಂಡ್ಬಿಡೋ. ಆ ಮೆಟ್ಟಿಲಿಗೆ ಇರೋದು ಎರಡೇ ದಾರಿ. ಒಂದು ನಿನ್ನ ಈ ಕೋಣೆ ಮುಂದಿಂದ, ಇನ್ನೊಂದು ಚಾಂಪಿಯನ್ ಆಡೋ ಕೋಣೆಯಿಂದ."

"ಮತ್ತೆ ಅಲ್ಲಿದ್ದ ಇಬ್ರನ್ನ ಯಾಕೆ ಕೂಡಿಹಾಕ್ಲಿಲ್ಲ?"

"ಚಾಂಪಿಯನ್ನೂ ಎದುರಾಳಿನೂ ಒಂದು ಗಂಟೆ ಕದಲದೆ ಆಡಿದ್ದಾರೆ. ಡ್ರಾ ಆಗಿದೆ. ನೋಡು, ಇಬ್ಬರೂ ಬರೆದಿರೋ ನಡೆಗಳು. ಆಡ್ತಾ ಆಡ್ತಾನೇ ಬರೀಬೇಕಂತೆ, ಮೊದಲೇ ಬರೆಯೋ ಹಾಗಿಲ್ಲವಂತೆ."

ಅವನು ಹಾಳೆಗಳನ್ನು ಕಸಿದುಕೊಂಡ. ಏಳನೇ ತರಗತಿಗೇ ಶಾಲೆ ಬಿಟ್ಟವನು. ಆದರೆ ಒಂಬತ್ತು ವರ್ಷ ಇಲ್ಲಿ ಬಿಸಾಡಿದ ಇಂಥ ಹಾಳೆಗಳನ್ನೇ ಮನೆಗೊಯ್ದು ತಂಗಿಯ ಜೊತೆ ಆಡಿದ್ದ. ಒಂದು ಹಾಳೆ ಓದಿದ. ಇನ್ನೊಂದನ್ನು ಓದಿದ. ನಗು ಬಂತು, ಕೋಪದ ನಗು.

"ಅಮ್ಮಾವ್ರೇ, ಚಾಂಪಿಯನ್ ಸಾಹೇಬ್ರು ಇದನ್ನ ಬೋರ್ಡ್ ಮೇಲೆ ಆಡಿ ತೋರಿಸ್ಲಿ."

"ತಲೆಹರಟೆನಾ?"

"ತಲೆ ಹೋಗ್ತಿರೋದು ನಂದು. ತಪ್ಪಾದ್ರೆ ಬೇಡಿಗೆ ಕೈ ನಾನೇ ಚಾಚ್ತೀನಿ."

* * *

"ಇದು ಎಳೆಮಕ್ಕಳಿಗೂ ಗೊತ್ತಿರೋ ಓಪನಿಂಗು," ಎಂದು ಚಾಂಪಿಯನ್ ಮೂಗು ಮುರಿದ. ಬಿಳಿಯ ಮೂರು ನಡೆ ಪಟಪಟನೆ ಮುಗಿದವು. ಹಾಳೆ ನೋಡಿ ನಾಲ್ಕನೆಯದಕ್ಕೆ ಒಂಟೆಯನ್ನೆತ್ತಿದ. ಕೈ ಗಾಳಿಯಲ್ಲೇ ನಿಂತಿತು.

"ಇಡಿ ಸ್ವಾಮಿ," ಎಂದ ಗುಡಿಸುವವನು. "ಕಾಲಾಳು ಅಡ್ಡ ಇದೆಯಾ? ಒಂಟೆ ಹಾರೋದಿಲ್ಲ ಅಲ್ವಾ? ಆ ಕಾಲಾಳು ದಾರಿ ಬಿಡೋದು ಐದನೇ ನಡೆಗೆ."

"ಬರೆಯುವಾಗ ಹಿಂದುಮುಂದಾಗಿದೆ, ಅಷ್ಟೆ."

"ಇಬ್ಬರಿಗೂ? ಅದೇ ಜಾಗದಲ್ಲಿ? ಆಡಿದ್ರೆ ತಾನೇ ಕಣ್ಣಿಗೆ ಬೀಳೋದು! ಒಬ್ಬರು ನೆನಪಿಂದ ಬರೆದ್ರು, ಇನ್ನೊಬ್ಬರು ಕಾಪಿ ಹೊಡೆದ್ರು. ಆಟವೇ ನಡೆದಿಲ್ಲ. ಆ ಒಂದು ಗಂಟೆ ಕದಲದೆ ಕೂತಿದ್ದು ಕಾಯಿಗಳು ಮಾತ್ರ."

ಎದುರಾಳಿ ಚಾಂಪಿಯನ್ ಕಡೆ ಬೆರಳು ತೋರಿಸಿದ. "ನಾನು ಬರೆದುಕೊಟ್ಟಿದ್ದಷ್ಟೇ! ಡ್ರಾ ಅಂತ ಮೊದಲೇ ಮಾತಾಗಿತ್ತು. ತೀರ್ಪುಗಾರರು ಬಂದಾಗ ಹಾಳೆ ತುಂಬಿತ್ತು, ಕಾಯಿ ಕದಲಿರಲಿಲ್ಲ. ಇಬ್ಬರನ್ನೂ ಆಟದಿಂದ್ಲೇ ಹೊರಗೆ ಹಾಕಿಸ್ತೀನಿ ಅಂತ ಹೊರಟ್ರು. ಇವನು ಆಟದ ಗಡಿಯಾರ ಎತ್ಕೊಂಡು ಮೆಟ್ಟಿಲ ತನಕ ಹಿಂದೆ ಓಡಿದ..."

ಇನ್ಸ್‌ಪೆಕ್ಟರಮ್ಮ ಮೇಜಿನ ಗಡಿಯಾರ ಮಗುಚಿದರು. ಬುಡದ ಮೂಲೆಯಲ್ಲಿ ರಕ್ತ ಕಪ್ಪಗೆ ಒಣಗಿತ್ತು.

"ಜೀಪು ಬರೋ ತನಕ ಇವನನ್ನ ಎಲ್ಲಿಡೋದು ಮೇಡಂ?" ಎಂದ ಪೇದೆ.

ಗುಡಿಸುವವನು ಪೊರಕೆ ಕೋಣೆಯ ಬಾಗಿಲು ತೆರೆದು ಹಿಡಿದ.

"ಬನ್ನಿ ಸಾಹೇಬ್ರೇ. ಕಿಟಕಿ ಇಲ್ಲ. ಅಭ್ಯಾಸ ಆಗುತ್ತೆ."