ಕೋಟಿನೊಳಗೆ ಬಿಟ್ಟ ಬಟ್ಟೆ

ಮಾಸ್ಟ್ರು ನನಗೆಂದು ಹೊಲಿದ ಕೋಟನ್ನು ಒಳಗು ಹೊರಗು ಮಾಡಿ ನೋಡಿದವಳೇ ಅವರ ಮೇಜಿನ ಮೇಲೆ ಎಸೆದೆ. ಹೊಲಿಗೆಯ ಒಳಪಕ್ಕ ಮೂರು ಬೆರಳು ಅಗಲ ಬಟ್ಟೆ ಮಡಚಿ ಬಿಟ್ಟಿದ್ದರು.

"ಏನ್ ಮಾಸ್ಟ್ರೇ, ನಾನಿನ್ನೂ ಊದ್ಕೋತೀನಿ ಅಂತಾನಾ?"

ಟೈಲರ್ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವುದು ಅವರ ಕೆಲಸ, ಕಾಜಾ ಹಾಕಿ ಗುಂಡಿ ಹೊಲಿಯುವುದು ನನ್ನದು. ಮುಂದೆ ಬಿಚ್ಚಿ ಅಗಲ ಮಾಡಲೆಂದು ಬೆಳೆಯುವ ಮಕ್ಕಳ ಬಟ್ಟೆಗೆ ಹಾಗೆ ಬಿಡುವುದುಂಟು. ವಯಸ್ಸಾದವರಿಗೆ ಯಾರೂ ಬಿಡುವುದಿಲ್ಲ. ನನಗೆ ಅರವತ್ತು ದಾಟಿತ್ತು, ಗಂಡ ಹೋಗಿ ಬಹಳ ಕಾಲವಾಗಿತ್ತು.

ಮಾಸ್ಟ್ರು ಸೀಮೆಸುಣ್ಣ ಹಿಡಿದು ಮೇಜಿನ ಮೇಲೆ ಸುಮ್ಮನೆ ಒಂದು ಗೆರೆ ಎಳೆದರು.

"ಹತ್ತು ವರ್ಷ ಹಾಕ್ಕೋಬೇಕಲ್ಲ ಕಾಜಾ ಮೇಡಮ್ಮೋರೇ. ಅಷ್ಟರಲ್ಲಿ ದಪ್ಪ ಆಗ್ತೀರೋ ಏನೋ, ನನ್ನ ಕೈಯಡುಗೆ ತಿಂದು."

"ನಿಮ್ಮ ಕೈಯಡುಗೆ ನಾನ್ಯಾಕೆ ತಿನ್ಲಿ?"

ಆಗ ಅವರು ತಲೆಯೆತ್ತಿದರು. ಎಲ್ಲರನ್ನೂ ಕನ್ನಡಕದ ಮೇಲಿಂದಲೇ ಅಳೆದುಬಿಡುವ ಆ ಕಣ್ಣು ನನ್ನ ಮುಖದ ಮೇಲೆ ನಿಂತು, ಅಳತೆ ಮರೆತಂತೆ ನಿಂತೇ ಇತ್ತು. ಇಸ್ತ್ರಿಪೆಟ್ಟಿಗೆ ಬಟ್ಟೆಯ ಮೇಲೇ ಇದೆಯೆಂದು ಇಬ್ಬರಿಗೂ ನೆನಪಾದದ್ದು ಸುಟ್ಟ ವಾಸನೆ ಬಂದ ಮೇಲೆ.

ಮದುವೆಯ ಮಾತು ಆದದ್ದು ಹಾಗೆ.

ನಾನಿದ್ದದ್ದು ತಮ್ಮನ ಮನೆಯ ಹಿಂದಿನ ರೂಮಿನಲ್ಲಿ. ತಮ್ಮ ಬ್ಯಾಂಕಿನಲ್ಲಿ ಕ್ಯಾಷಿಯರ್. ಮಾಸ್ಟ್ರು ಮುಪ್ಪಿಗೆಂದು ತಿಂಗಳು ತಿಂಗಳು ಕೂಡಿಟ್ಟದ್ದರಲ್ಲಿ ಬಹುಪಾಲು ಶೇರು ಮಾರ್ಕೆಟ್ಟಿನಲ್ಲಿತ್ತು. ಮದುವೆ, ದುಡ್ಡು ಎರಡರ ವಿಷಯವನ್ನೂ ನಾನು ತಮ್ಮನ ಮುಂದೆ ಬಾಯಿಬಿಟ್ಟದ್ದೋ, ಮಾರ್ಕೆಟ್ಟು ದಬದಬ ಬೀಳುತ್ತಿದ್ದ ವಾರದಲ್ಲೇ.

"ಅಕ್ಕಾ, ಮದುವೆ ಬೇಡ ಅನ್ನಲ್ಲ. ಆದ್ರೆ ಆ ಮನುಷ್ಯ ಮುಪ್ಪಿನ ದುಡ್ಡನ್ನ ಜೂಜಿಗಿಟ್ಟಿದ್ದಾನೆ. ಎಲ್ಲಾ ಮಾರಿ ಎಫ್‌ಡಿ ಮಾಡ್ಲಿ, ಆಮೇಲೆ ಮದುವೆ. ಇಲ್ಲಾಂದ್ರೆ, ಹೋದ್ಮೇಲೆ ಬರಿಗೈಲಿ ಈ ಬಾಗಿಲಿಗೆ ಬರ್ಬೇಡ."

ಪ್ರೀತಿಯಿಲ್ಲದೆ ಆಡಿದ ಮಾತಲ್ಲ. ಚಿಕ್ಕಂದಿನಲ್ಲಿ ಜ್ವರ ಬಂದರೆ ನನ್ನ ಬೆರಳು ಹಿಡಿದೇ ಮಲಗುತ್ತಿದ್ದವನು. ಹೆದರಿದಾಗ ಅವನು ಹೀಗೇ ಗದರುವುದು.

ಮರುದಿನ ಅಂಗಡಿ ತೆರೆಯುತ್ತಲೇ ಕೇಳಿದೆ. "ನಿಜ ಹೇಳಿ ಮಾಸ್ಟ್ರೇ. ಆ ದುಡ್ಡು ಸೇಫಾ?"

"ಸೇಫ್ ಅಂದ್ರೆ ನಿಮ್ಗೆ ಸುಳ್ಳು ಹೇಳ್ದಂಗೆ. ನಾಳೆ ನಾಡಿದ್ದು ಬೇಕಾಗೋ ದುಡ್ಡು ಅಲ್ಲಿದ್ರೆ ಕೆಟ್ಟೆ. ಅದಕ್ಕೇ ನಾಲ್ಕೈದು ವರ್ಷದ ಬಾಡಿಗೆ, ಊಟ, ಔಷಧಿ ಎಲ್ಲಾ ಬ್ಯಾಂಕಲ್ಲಿದೆ. ಉಳಿದಿದ್ದು ಮಾತ್ರ ಅಲ್ಲಿ, ಬೇಕಾದಷ್ಟು ಕಂಪನಿಗೆ ಹಂಚಿ. ಹತ್ತು ವರ್ಷ ಮುಟ್ಟಲ್ಲ. ಏರ್ಬಹುದು, ಏರ್ದೇನೂ ಇರ್ಬಹುದು. ಆದ್ರೆ ಎಲ್ಲಾನೂ ಬ್ಯಾಂಕಲ್ಲೇ ಇಟ್ರೆ, ಸಾಮಾನಿನ ರೇಟು ಏರ್ತಾ ಏರ್ತಾ ಅದೂ ಸವೆಯುತ್ತೆ."

"ಹತ್ತು ವರ್ಷ! ಈ ವಯಸ್ಸಲ್ಲಿ!"

"ಹ್ಞೂಂ. ಈ ವಯಸ್ಸಲ್ಲೇ."

ತಮ್ಮನ ಷರತ್ತು ಹೇಳಿದೆ. ಅವರ ಮುಖ ಸಣ್ಣಗಾಯಿತು. ಅಂಗಿಯ ಜೇಬಿನಿಂದ ಫೋನು ತೆಗೆದರು.

"ಮಾರ್ಬಿಡ್ತೀನಿ. ನಷ್ಟ ಆದ್ರೆ ಆಗ್ಲಿ. ನೀವು ಸಿಗ್ತೀರಲ್ಲ."

ಆಗಲೇ ಫೋನಿನ ಮೇಲೆ ಬೆರಳಾಡಿಸತೊಡಗಿದ್ದರು. ಎಂಥ ಅಗ್ಗದ ಬಟ್ಟೆಗೂ ಎರಡು ಸಲ ಅಳೆಯದೆ ಅವರು ಕತ್ತರಿ ಹಾಕಿದ್ದನ್ನು ನಾನು ಕಂಡವಳಲ್ಲ. ಖುಷಿಯಾಗಬೇಕಿತ್ತು, ಸಿಟ್ಟು ಬಂತು. ಫೋನು ಮುಚ್ಚಲು ಹೋದ ನನ್ನ ಕೈ ಅವರ ಬೆರಳ ಮೇಲೆ ಬಿತ್ತು. ತೆಗೆಯಲಿಲ್ಲ.

"ಯಾರನ್ನ ಕೇಳಿ ಮಾರ್ತೀರಿ? ಹತ್ತು ವರ್ಷಕ್ಕೆ ಅಂತ ನನ್ನ ಕೋಟಲ್ಲಿ ಬಟ್ಟೆ ಬಿಟ್ಟೋರು, ಒಬ್ಬ ಗದರಿಸ್ದ ಅಂತ ಇವತ್ತೇ ಕತ್ತರಿಸಿ ಎಸೀತೀರಾ? ಹೆದರ್ಕೊಂಡು ಕಟ್ಕೊಳ್ಳೋ ಗಂಡ ನಂಗೆ ಬೇಡ."

"ಹೆದರ್ದೇ ಕಟ್ಕೊಳ್ಳೋ ಗಂಡ ಆದ್ರೆ?"

"ಅವನಿಗೆ ಅಡುಗೆ ಬರುತ್ತಾ?"

"ಉಪ್ಪು ಒಂಚೂರು ಜಾಸ್ತಿ."

"ಪರವಾಗಿಲ್ಲ."

ಸಂಜೆ ತಮ್ಮನೆದುರು ನಿಂತೆ. "ಮಾಸ್ಟ್ರು ಏನೂ ಮಾರಲ್ಲ ಕಣೋ. ಮಾರ್ಬೇಡಿ ಅಂದಿದ್ದು ನಾನೇ."

"ಮುಳುಗಿದ್ರೆ?"

"ಅವರ ಕೈಲಿ ಕತ್ತರಿ ಇದೆ, ನನ್ನ ಕೈಲಿ ಸೂಜಿ ಇದೆ."

"ಇಲ್ಲಿ ನಿಂಗೇನು ಕಮ್ಮಿಯಾಗಿದೆ ಅಕ್ಕ? ಇಲ್ಲಿದ್ರೆ ಏನೂ ಆಗಲ್ಲ ನಿಂಗೆ."

"ಹೌದಪ್ಪ, ಇಷ್ಟು ವರ್ಷ ಏನೂ ಆಗ್ಲಿಲ್ಲ. ಸಾಕಾಗಿದ್ದು ಅದೇ."

ಪೆಟ್ಟಿಗೆ ಹಿಡಿದು ಹೊರಟಾಗ ಅವನು ಪೇಪರಿನಿಂದ ತಲೆ ಎತ್ತಲಿಲ್ಲ. ಪೇಪರು ತಲೆಕೆಳಗಾಗಿತ್ತು.

ರಿಜಿಸ್ಟ್ರಾರ್ ಕಚೇರಿಗೆ ಅದೇ ಕೋಟು ಹಾಕಿಕೊಂಡು ಹೋದೆ. ಗುಂಡಿಗಳಿಗೆ ನಾನೇ ಕಾಜಾ ಹಾಕಿದ್ದೆ. ಅಂಗಡಿಯ ಯಜಮಾನರು, ಅವರ ಹೆಂಡತಿ ಇಬ್ಬರೂ ಸಾಕ್ಷಿ. ಮೂರನೆಯ ಸಾಕ್ಷಿಯಾಗಿ ಯಾರನ್ನು ಕರೆಯುವುದೆಂದು ನೋಡುತ್ತಿರುವಾಗ ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ನನ್ನ ತಮ್ಮ. ನೇರ ಮಾಸ್ಟ್ರ ಎದುರು ಬಂದು ನಿಂತ.

"ಮಾರ್ಕೆಟ್ಟು ಇವತ್ತೂ ಬಿದ್ದಿದೆ. ನೋಡಿದ್ರಾ ಭಾವ?"

ತಾನೇನು ಅಂದೆನೆಂದು ಆಮೇಲೆ ಹೊಳೆದಿರಬೇಕು. ಅವನ ಕಿವಿ ಕೆಂಪಾಯಿತು.

"ನೋಡ್ಲಿಲ್ಲಪ್ಪ," ಎಂದರು ಮಾಸ್ಟ್ರು. "ನಿಮ್ಮಕ್ಕನ್ನ ನೋಡ್ತಿದ್ದೆ."

ತಮ್ಮ ಜೇಬಿನಿಂದ ಪೆನ್ನು ತೆಗೆದ. "ಎಲ್ಲಿ ಸೈನ್ ಮಾಡ್ಬೇಕು?"

ಆ ದುಡ್ಡು ಒಮ್ಮೆ ಏರಿತು, ಮತ್ತೆ ಇಳಿಯಿತು, ಈಗ ಸ್ವಲ್ಪ ಏರುತ್ತಿದೆಯಂತೆ. ನಾವು ಮುಟ್ಟಿಲ್ಲ. ಹತ್ತು ವರ್ಷ ಇನ್ನೂ ಆಗಿಲ್ಲ. ಕೋಟಿನ ಹೊಲಿಗೆ ಮಾತ್ರ ಕಳೆದ ಚಳಿಗಾಲದಲ್ಲಿ ಒಂದು ಬೆರಳಗಲ ಬಿಚ್ಚಿಸಿಕೊಂಡೆ. ಉಳಿದ ಎರಡು ಬೆರಳು ಹಾಗೇ ಇದೆ.